ಹಡಗು ನಿಂತ ದಿನ ಮಕ್ಕಳೊಂದಿಗೆ ಸ್ನಾರ್ಕೆಲಿಂಗ್: ಶಾಂತ ಬೀಚ್ ಹುಡುಕುವ ನನ್ನ ಕ್ರಮ

'ಅತ್ಯುತ್ತಮ ಹತ್ತು ಬೀಚ್' ಎಂಬ ಪಟ್ಟಿಗಳನ್ನು ನಾನು ನೋಡುವುದು, ಎಲ್ಲಿಗೆ ಹೋಗಬಾರದು ಎಂದು ತಿಳಿಯಲು. ಬಂದರಿಗೆ ಮೂರು ಕ್ರೂಸ್ (ಪ್ರವಾಸಿ) ಹಡಗು ಬಂದ ದಿನ ಅದೇ ಪಟ್ಟಿ ಓದಿಕೊಂಡ ಸಾವಿರಾರು ಜನ ಅಲ್ಲಿಗೇ ಸೇರುತ್ತಾರೆ. ಮಕ್ಕಳನ್ನು ಸ್ನಾರ್ಕೆಲಿಂಗ್‌ಗೆ, ಅಂದರೆ ಮಾಸ್ಕ್ ಹಾಕಿ, ಬಾಯಲ್ಲಿ ಉಸಿರಾಟದ ಕೊಳವೆ ಕಚ್ಚಿ ತೇಲುತ್ತ ನೀರೊಳಗಿನ ಮೀನು, ಹವಳ ನೋಡಲು, ಕರೆದುಕೊಂಡು ಹೋಗುವವರಿಗೆ ಬೇಕಾದದ್ದು ಅವತ್ತಿನ ಗಾಳಿಗೆ ಮರೆಯಾಗಿರುವ, ಇಳಿಯಲು ಮರಳಿರುವ, ಒಂದು ತುದಿಯಲ್ಲಿ ಬಂಡೆಗಳಿರುವ ಸಣ್ಣ ಕೊಲ್ಲಿ. ಅದನ್ನು ಮನೆಯಲ್ಲಿ ಕೂತೇ ಹುಡುಕಿಟ್ಟುಕೊಳ್ಳಬಹುದು.

ಮೊದಲು ಸಮಯದ ಲೆಕ್ಕ. ಬೆಳಿಗ್ಗೆ 8ಕ್ಕೆ ಬಂದು ಸಂಜೆ 5ಕ್ಕೆ ಹೊರಡುವ ಹಡಗಾದರೆ ಒಂಬತ್ತು ಗಂಟೆ ಕೈಯಲ್ಲಿದೆ ಅನಿಸುತ್ತದೆ. ಜನ ಇಳಿಯಲು ಶುರುವಾಗುವ ಹೊತ್ತಿಗೆ ಅರ್ಧ ಮುಕ್ಕಾಲು ಗಂಟೆ ಹೋಗಿರುತ್ತದೆ. ಹೊರಡುವುದಕ್ಕೆ ಅರ್ಧ ಗಂಟೆ, ಕೆಲವು ಹಡಗುಗಳಲ್ಲಿ ಒಂದು ಗಂಟೆ ಮುಂಚೆಯೇ ಎಲ್ಲರೂ ಒಳಗಿರಬೇಕು. ಅದಕ್ಕೂ ಒಂದೂವರೆ ಗಂಟೆ ಮೊದಲು ಬಂದರಿನ ಗೇಟಿನಲ್ಲಿರುವಂತೆ ನಾನು ಲೆಕ್ಕ ಹಾಕುತ್ತೇನೆ. ಉಳಿಯುವುದು ಸುಮಾರು ಆರು ಗಂಟೆ. ಹಡಗು ಕಟ್ಟೆಗೆ ಬಾರದೆ ದೂರದಲ್ಲೇ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ದಡಕ್ಕೆ ಬಿಡುವ ಊರಾದರೆ ಇನ್ನೂ ಒಂದು ಗಂಟೆ ಕಳೆಯಿರಿ. ಹಾಗಾಗಿ ಹೋಗುವ ದಾರಿ ನಲವತ್ತು ನಿಮಿಷ ಮೀರುವ ಬೀಚನ್ನು ನಾನು ಆರಿಸುವುದಿಲ್ಲ. ಕೆರಿಬಿಯನ್ ಕಡಲಿನ ಸೇಂಟ್ ಥಾಮಸ್ ದ್ವೀಪದಲ್ಲಿ ಹಡಗಿಳಿದವರಿಗೆ ಪಕ್ಕದ ಸೇಂಟ್ ಜಾನ್ ದ್ವೀಪದ ಟ್ರಂಕ್ ಬೇ ಬಹಳ ಆಸೆ ಹುಟ್ಟಿಸುತ್ತದೆ, ಅಲ್ಲಿ ನೀರೊಳಗೇ ಫಲಕಗಳಿರುವ ಸ್ನಾರ್ಕೆಲಿಂಗ್ ದಾರಿಯಿದೆ. ಆದರೆ ಫೆರ್ರಿ ಹೊರಡುವ ರೆಡ್ ಹುಕ್ ತನಕ ಟ್ಯಾಕ್ಸಿ, ಅಲ್ಲಿಂದ ಸುಮಾರು ಇಪ್ಪತ್ತು ನಿಮಿಷದ ಫೆರ್ರಿ, ಆಮೇಲೆ ಮತ್ತೆ ಟ್ಯಾಕ್ಸಿ. ಕಾಯುವುದೂ ಸೇರಿದರೆ ಒಂದು ಕಡೆಗೇ ಒಂದೂವರೆ ಗಂಟೆ ಮೀರುತ್ತದೆ. ಚಿಕ್ಕ ಮಕ್ಕಳಿದ್ದರೆ ಸೇಂಟ್ ಥಾಮಸ್‌ನ ಪೂರ್ವ ತುದಿಯ ಸೀಕ್ರೆಟ್ ಹಾರ್ಬರ್‌ನಂಥ ಕೊಲ್ಲಿಯೇ ಸಾಕು.

ಗಡಿಯಾರದ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಫ್ಲೋರಿಡಾದಿಂದ ಹೊರಟ ಹಡಗಿನ ಸಮಯಕ್ಕೂ ಮೆಕ್ಸಿಕೋದ ದ್ವೀಪ ಕೋಜುಮೆಲ್‌ನ ಸಮಯಕ್ಕೂ ಒಂದು ಗಂಟೆ ವ್ಯತ್ಯಾಸವಿರುತ್ತದೆ. ಮೊಬೈಲ್ ದಡ ಮುಟ್ಟಿದೊಡನೆ ಸ್ಥಳೀಯ ಸಮಯಕ್ಕೆ ತಾನೇ ಬದಲಾಗುತ್ತದೆ, ಹಡಗು ಬದಲಾಗದೆಯೂ ಇರಬಹುದು. ಹಡಗಿನ ಸಮಯಕ್ಕೆ ಹೊಂದಿಸಿದ ಸಾದಾ ಕೈಗಡಿಯಾರ ಒಂದು ಇರಲಿ.

ಇನ್ನು ಗಾಳಿ. ಕೆರಿಬಿಯನ್‌ನಲ್ಲಿ ವರ್ಷದ ಬಹುಪಾಲು ಪೂರ್ವ, ಈಶಾನ್ಯದಿಂದ ಬೀಸುತ್ತದೆ. ಆದ್ದರಿಂದ ದ್ವೀಪದ ಪಶ್ಚಿಮ ಬದಿ ಗಾಳಿಮರೆ. ಬಾರ್ಬಡೋಸ್‌ನ ಪಶ್ಚಿಮ ತೀರ ಕೊಳದಂತಿದ್ದಾಗಲೂ ಪೂರ್ವದ ಬಾತ್‌ಶೀಬಾದಲ್ಲಿ ಸರ್ಫಿಂಗ್ ಮಾಡುವಷ್ಟು ದೊಡ್ಡ ಅಲೆ ಏಳುತ್ತಿರುತ್ತದೆ. ಕೋಜುಮೆಲ್, ಬೊನೇರ್ ದ್ವೀಪಗಳಲ್ಲೂ ಇದೇ ಕಥೆ. ಚಳಿಗಾಲದಲ್ಲಿ ಇನ್ನೊಂದು ತೊಡಕಿದೆ: ಉತ್ತರ ಅಟ್ಲಾಂಟಿಕ್‌ನ ದೂರದ ಬಿರುಗಾಳಿಗಳಿಂದ ಹೊರಟ ನೀಳ ಅಲೆಗಳು ಉತ್ತರಮುಖಿ ತೀರಗಳಿಗೆ ಬಂದು ಬಡಿಯುತ್ತವೆ, ಸ್ಥಳೀಯವಾಗಿ ಗಾಳಿಯೇ ಇಲ್ಲದಿದ್ದರೂ. ಅದಕ್ಕೇ ನಾನು ಪ್ರತಿ ಬಂದರಿಗೂ ಎರಡು ಬೀಚ್ ಗುರುತಿಟ್ಟುಕೊಳ್ಳುತ್ತೇನೆ, ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿದ್ದು. ಹಿಂದಿನ ರಾತ್ರಿ ಹವಾಮಾನ ತೋರಿಸುವ ವಿಂಡಿ (Windy) ಆ್ಯಪ್‌ನಲ್ಲಿ ಗಾಳಿಯ ದಿಕ್ಕು, ಅಲೆಯ ಎತ್ತರ, ಅಲೆಗಳ ನಡುವಿನ ಸೆಕೆಂಡು ಮೂರನ್ನೂ ನೋಡಿ ಒಂದನ್ನು ಆರಿಸುತ್ತೇನೆ. ಅರ್ಧ ಮೀಟರ್ ಒಳಗಿನ ಅಲೆ ಮಕ್ಕಳಿಗೆ ಸರಿ. ಎತ್ತರ ಕಡಿಮೆಯಿದ್ದರೂ ಅಂತರ ಹತ್ತು ಸೆಕೆಂಡು ದಾಟಿದ್ದರೆ, ಅದು ದಡದಲ್ಲಿ ಎತ್ತಿ ಒಗೆಯುವ ಅಲೆ. ಆ ದಿಕ್ಕಿನ ಬೀಚನ್ನು ಬಿಡುತ್ತೇನೆ.

ಆಮೇಲೆ ಉಪಗ್ರಹ ಚಿತ್ರ. ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. ಗೂಗಲ್ ಅರ್ಥ್‌ನಲ್ಲಿ ಒಂದೇ ಜಾಗದ ಹಳೆಯ ಚಿತ್ರಗಳನ್ನು ಒಂದಾದ ಮೇಲೊಂದು ತೆರೆಯಿರಿ. ತಿಳಿನೀಲಿ ಎಂದರೆ ಮರಳು. ಅಂಚು ಒರಟಾಗಿರುವ ಕಂದು ಕಲೆ ಬಂಡೆ ಅಥವಾ ಹವಳ. ಅಂಚು ಮಸುಕಾಗಿ ಒಂದೇ ಸಮನೆ ಹರಡಿರುವ ಕಪ್ಪು ಹಸಿರು ಕಡಲಹುಲ್ಲು. ಆಮೆಗಳು ಮೇಯಲು ಬರುವುದು ಅಲ್ಲಿಗೆ, ಅಲ್ಲಿ ಹವಳ ಹುಡುಕಬೇಡಿ. ಎಲ್ಲ ಚಿತ್ರಗಳಲ್ಲೂ ಒಂದೇ ಕಡೆ ಬಿಳಿ ಗೆರೆ ಕಂಡರೆ ಅಲ್ಲಿ ಆಳ ಕಡಿಮೆಯಿರುವ ಹವಳದ ದಿಬ್ಬದ ಮೇಲೆ ಅಲೆ ಒಡೆಯುತ್ತಿದೆ. ಆ ಗೆರೆ ತುಂಡಾಗಿ ನಡುವೆ ಗಾಢ ಬಣ್ಣದ ಓಣಿ ಕಾಣುತ್ತದಲ್ಲ, ಒಳಗೆ ನುಗ್ಗಿದ ನೀರು ವಾಪಸು ಹೋಗುವುದು ಅದರ ಮೂಲಕ. ಮಕ್ಕಳನ್ನು ಅದರ ಹತ್ತಿರಕ್ಕೂ ಬಿಡಬಾರದು. ದಡದ ಮರಳಿನಿಂದ ಮೊದಲ ಕಂದು ಕಲೆಗೆ ಅಳತೆಗೋಲಿನಲ್ಲಿ ಐವತ್ತು ಮೀಟರ್ ಒಳಗಿದ್ದರೆ ಆ ಬೀಚ್ ನನ್ನ ಪಟ್ಟಿಗೆ ಬರುತ್ತದೆ. ಹೊಳೆ ಬಂದು ಸೇರುವ ಕೊಲ್ಲಿ ಬೇಡ, ಒಂದು ಮಳೆ ಬಿದ್ದರೆ ನೀರು ಕದಡಿರುತ್ತದೆ.

ಬೀಚಿನ ನಡುಭಾಗದ ಮರಳಿನಲ್ಲಿ ಮೀನು ಕಾಣಲಿಲ್ಲ ಎಂದು ಬಹಳ ಜನ ಬೇಸರಪಡುತ್ತಾರೆ. ಮೀನಿಗೆ ಅಡಗಲು ಸಂದು ಬೇಕು. ಅದಿರುವುದು ಕೊಲ್ಲಿಯ ಎರಡೂ ತುದಿಯ ಬಂಡೆಗಳಲ್ಲಿ. ನಡುವೆ ನೀರಿಗಿಳಿದು, ಎದೆಮಟ್ಟದ ಆಳದಲ್ಲೇ ಬಂಡೆಯ ಬದಿಗೆ ಸಾಗಿದರೆ ಸಾಕು. ಬೊನೇರ್‌ನಲ್ಲಿ ಹವಳ ದಡದಿಂದ ಕೆಲವೇ ಮೀಟರ್ ದೂರದಲ್ಲಿ ಶುರುವಾಗುತ್ತದೆ, ರಸ್ತೆ ಬದಿಯ ಹಳದಿ ಕಲ್ಲುಗಳ ಮೇಲೆ ಜಾಗದ ಹೆಸರು ಬರೆದಿರುತ್ತದೆ. ಆದರೂ ಅಲ್ಲಿನ ಬಹಳಷ್ಟು ಕಡೆ ಇಳಿಯುವ ದಾರಿ ಹವಳದ ಚೂರುಗಳದ್ದು, ಅಲೆಗೆ ಕಾಲು ನಿಲ್ಲುವುದಿಲ್ಲ. ಈಜು ಬಲ್ಲ ದೊಡ್ಡವರಿಗೆ ಸ್ವರ್ಗ, ಆರು ವರ್ಷದ ಮಗುವಿಗೆ ಕಷ್ಟ.

ತೇಲಿ ಬಂದು ದಡದಲ್ಲಿ ರಾಶಿ ಬೀಳುವ ಸರ್ಗಾಸಮ್ ಕಡಲಪಾಚಿ ವಸಂತದಿಂದ ಬೇಸಿಗೆ ಮುಗಿಯುವವರೆಗೆ ಹೆಚ್ಚು, ಅದೂ ಪೂರ್ವಮುಖಿ ತೀರಗಳಲ್ಲಿ. ಹೊರಡುವ ವಾರದ ಫೋಟೋಗಳನ್ನು ನೋಡಿಕೊಳ್ಳಿ.

ಜನಜಂಗುಳಿ ತಪ್ಪಿಸಲು ಬಂದರಿನ ವೇಳಾಪಟ್ಟಿಯಲ್ಲಿ ಅವತ್ತು ಎಷ್ಟು ಹಡಗು ಇವೆ ಎಂದು ನೋಡಬೇಕು. ಪ್ರವಾಸದ ಬಸ್ಸುಗಳು ತುಂಬಿ ಹೊರಟು ಬೀಚ್ ಮುಟ್ಟುವ ಹೊತ್ತಿಗೆ ಸಾಮಾನ್ಯವಾಗಿ ಹತ್ತು ಹತ್ತೂವರೆಯಾಗಿರುತ್ತದೆ. ಮೊದಲ ಗುಂಪಿನಲ್ಲೇ ಇಳಿದವರಿಗೆ ಒಂದು ಒಂದೂವರೆ ಗಂಟೆ ಖಾಲಿ ನೀರು ಸಿಗುತ್ತದೆ. ಗಾಳಿಯೂ ಬೆಳಿಗ್ಗೆಯೇ ಕಡಿಮೆ, ಮರಳೂ ಕದಡಿರುವುದಿಲ್ಲ. ಆದರೆ ಪೂರ್ತಿ ನಿರ್ಜನ ಬೀಚ್ ಮಕ್ಕಳಿಗೆ ಬೇಡವೇ ಬೇಡ. ನಾಲ್ಕಾರು ಕುಟುಂಬ, ದೋಣಿ ಬಾರದಂತೆ ತೇಲುಗುಂಡುಗಳ ಸಾಲು, ಮೊಬೈಲ್ ಸಿಗ್ನಲ್ ಇರುವ ಜಾಗವೇ ನನ್ನ ಮಟ್ಟಿಗೆ ಶಾಂತ ಬೀಚ್.

ಮಾಸ್ಕ್ ಬಾಡಿಗೆಗೆ ತೆಗೆದುಕೊಳ್ಳಬೇಡಿ, ಮಕ್ಕಳದ್ದಂತೂ ಖಂಡಿತ ಬೇಡ. ಕೊಳ್ಳುವಾಗ ಅಂಗಡಿಯಲ್ಲೇ ಮಗು ಅದರ ಪಟ್ಟಿಯನ್ನು ತಲೆಗೆ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಸ್ವಲ್ಪ ಉಸಿರೆಳೆಯಲಿ. ಕೈಬಿಟ್ಟರೂ ಬೀಳದಿದ್ದರೆ ಅಳತೆ ಸರಿ. ನೀರು ನುಗ್ಗುವುದಕ್ಕೆ ಹೆಚ್ಚಿನ ಸಲ ಕಾರಣ ಅಂಚಿನಡಿ ಸಿಕ್ಕಿದ ಕೂದಲು, ಇಲ್ಲವೇ ಅತಿ ಬಿಗಿ ಮಾಡಿದ ಪಟ್ಟಿ. ಬಿಗಿದಷ್ಟೂ ಸಿಲಿಕೋನ್ ಅಂಚು ಸುಕ್ಕಾಗಿ ಸೋರುತ್ತದೆ. ಹೊಸ ಮಾಸ್ಕಿನ ಗಾಜಿನ ಒಳಮೈಗೆ ಸಾದಾ ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ. ಕಾರ್ಖಾನೆಯಿಂದ ಬಂದ ಜಿಡ್ಡಿನ ಪದರ ಹೋಗದಿದ್ದರೆ ಏನು ಮಾಡಿದರೂ ಮಂಜು ಕಟ್ಟುತ್ತದೆ. ಅವತ್ತಿನ ಮಟ್ಟಿಗೆ ಒಂದು ಹನಿ ಬೇಬಿ ಶಾಂಪೂ ಸವರಿ ಒಂದೇ ಸಲ ಅದ್ದಿ ತೆಗೆದರೆ ಸಾಕು. ಮಕ್ಕಳಿಗೆ ಮಕ್ಕಳ ಅಳತೆಯ ಕೊಳವೆಯೇ ಬೇಕು. ದೊಡ್ಡವರ ಕೊಳವೆಯಲ್ಲಿ ಬಿಟ್ಟ ಉಸಿರೇ ನಿಂತು ಮತ್ತೆ ಒಳಗೆ ಹೋಗುತ್ತದೆ. ಪ್ರಯಾಣಕ್ಕೆ ಮುಂಚೆ ಈಜುಕೊಳದಲ್ಲಿ ಅಭ್ಯಾಸವಾಗಿರಲಿ, ಕಡಲಲ್ಲಿ ಮೊದಲ ಪಾಠ ಬೇಡ. ಬಿಸಿಲು ತಡೆಯುವ ತೋಳುದ್ದದ ಈಜು ಅಂಗಿ, ಅಂದರೆ ರ್‍ಯಾಶ್‌ಗಾರ್ಡ್ ಹಾಕಿದರೆ ಸನ್‌ಸ್ಕ್ರೀನ್ ಅರ್ಧ ಉಳಿಯುತ್ತದೆ. ಹವಳಕ್ಕೆ ಹಾನಿಯೆಂಬ ಕಾರಣಕ್ಕೆ ಹವಾಯಿಯಲ್ಲಿ 2021ರಿಂದ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಮಾರುವಂತಿಲ್ಲ, ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ 2020ರಿಂದಲೇ ನಿಷೇಧವಿದೆ. ಅವುಗಳ ಬದಲು ಜಿಂಕ್ ಆಕ್ಸೈಡ್ ಇರುವುದನ್ನು ಒಯ್ದರೆ ಈ ನಿಷೇಧಗಳ ತಕರಾರಿಲ್ಲ.

ಬೀಚ್ ತಲುಪಿದೊಡನೆ ಹತ್ತು ನಿಮಿಷ ಯಾರೂ ನೀರಿಗಿಳಿಯುವುದು ಬೇಡ. ಎಲ್ಲಿ ಅಲೆ ಒಡೆಯುತ್ತಿದೆ, ಎಲ್ಲಿ ಒಡೆಯದೆ ನೀರು ಹೊರಕ್ಕೆ ಹರಿಯುತ್ತಿದೆ ನೋಡಿ. ಒಂದು ಎಲೆಯನ್ನು ನೀರಿಗೆ ಬಿಟ್ಟರೆ ಸೆಳೆತ ಯಾವ ಕಡೆಗೆಂದು ಗೊತ್ತಾಗುತ್ತದೆ. ಹೋಗುವಾಗ ಸೆಳೆತಕ್ಕೆ ಎದುರಾಗಿ ಹೋಗಿ, ದಣಿದು ಬರುವಾಗ ಅದೇ ತಳ್ಳಿಕೊಂಡು ಬರುತ್ತದೆ. ಮೊದಲು ದೊಡ್ಡವರೊಬ್ಬರು ಒಂದು ಸುತ್ತು ಹಾಕಿ, ಬಂಡೆಗಳ ಸಂದಿನಲ್ಲಿ ಕಪ್ಪು ಮುಳ್ಳುಂಡೆಯಂಥ ಸೀ ಅರ್ಚಿನ್ ಇವೆಯೇ ಎಂದು ನೋಡಿ ಬರಲಿ. ಮರಳಿನಲ್ಲಿ ಕಾಲೆತ್ತಿ ಇಡದೆ ಎಳೆಯುತ್ತ ನಡೆದರೆ ಹುದುಗಿ ಮಲಗಿದ ತೊರಕೆ ಮೀನು (ಸ್ಟಿಂಗ್‌ರೇ) ತಾನಾಗಿ ಜರುಗುತ್ತದೆ. ಒಂದು ಮಗುವಿಗೆ ಒಬ್ಬ ದೊಡ್ಡವರು, ಕೈಗೆಟುಕುವಷ್ಟು ಹತ್ತಿರ. ಮಗುವಿಗೆ ತೇಲುವ ಜಾಕೆಟ್ ಇರಲೇಬೇಕು. ಹವಳದ ಮೇಲೆ ನಿಲ್ಲಬಾರದು, ಹವಳಕ್ಕೂ ಪೆಟ್ಟು, ಕಾಲಿಗೂ ಗಾಯ. 27 ಡಿಗ್ರಿ ನೀರಿನಲ್ಲೂ ಚಿಕ್ಕವರಿಗೆ ಅರ್ಧ ಗಂಟೆಯಲ್ಲಿ ಚಳಿ ಹಿಡಿಯುತ್ತದೆ. ತುಟಿ ನೀಲಿಗಟ್ಟುವ ಮೊದಲೇ, ಮಾತು ಕಡಿಮೆಯಾದಾಗಲೇ ಮೇಲೆ ಕರೆತನ್ನಿ.

ವಾಪಸು ಬರುವ ಟ್ಯಾಕ್ಸಿಯನ್ನು ಇಳಿಯುವಾಗಲೇ ಗೊತ್ತು ಮಾಡಿ, ನಂಬರ್ ಪ್ಲೇಟಿನ ಫೋಟೋ ತೆಗೆದು, ಎರಡೂ ಕಡೆಯ ಬಾಡಿಗೆಯನ್ನು ಬಂದರಿಗೆ ಮರಳಿದ ಮೇಲೆ ಕೊಡುತ್ತೇನೆಂದು ಒಪ್ಪಿಸಿಕೊಳ್ಳಿ. ಹೇಳಿದ ಹೊತ್ತಿಗೆ ಬಂದಿಲ್ಲವೆಂದರೆ ಹದಿನೈದು ನಿಮಿಷ ಕಾದು ಬೇರೆ ಗಾಡಿ ಹಿಡಿಯಿರಿ. ಆ ಒಂದೂವರೆ ಗಂಟೆ ಇಟ್ಟುಕೊಂಡದ್ದು ಇದಕ್ಕೇ. ಹಡಗಿನಲ್ಲಿ ದಿನಾ ಕೊಡುವ ಕಾರ್ಯಕ್ರಮದ ಹಾಳೆಯಲ್ಲಿ, ಆ ಬಂದರಿನಲ್ಲಿ ಹಡಗು ಕಂಪನಿಯ ಕೆಲಸ ನೋಡಿಕೊಳ್ಳುವ ಏಜೆಂಟರ ಫೋನ್ ನಂಬರ್ ಅಚ್ಚಾಗಿದ್ದರೆ ಅದರ ಫೋಟೋ, ಎಲ್ಲರ ಪಾಸ್‌ಪೋರ್ಟಿನ ಫೋಟೋ, ಎರಡೂ ಇಬ್ಬರ ಮೊಬೈಲಿನಲ್ಲಿರಲಿ, ಯಾಕೆಂದರೆ ಬೀಚಿನಲ್ಲಿ ಒಂದು ಮೊಬೈಲ್ ನೀರಿಗೆ ಬೀಳುವುದು ಅಪರೂಪವೇನಲ್ಲ.