ಅದು ಅರಬ್ಬಿ ಹಾಡಲ್ಲ, ಕಬೈಲ್ ಹಾಡು

ಉತ್ತರ ಆಫ್ರಿಕಾದ ಸಂಗೀತ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಒಂದೇ ಹಾಡು, 1992ರಲ್ಲಿ ಬಂದ ಖಾಲಿದ್‌ನ ‘ದೀದಿ’. ಒಂದು ಪದವೂ ಅರ್ಥವಾಗದಿದ್ದರೂ ಕುಣಿದಿದ್ದೇವೆ. ಅದಕ್ಕೆ ‘ಅರಬ್ಬಿ ಹಾಡು’ ಅಂತ ಹೆಸರಿಟ್ಟು ಸುಮ್ಮನಾದೆವು. ಕೆಲಸದ ಮೇಲೆ ಪ್ಯಾರಿಸ್‌ಗೆ ಹೋಗಿ ಕೆಲವು ವರ್ಷ ಇರುವವರೆಗೂ ನನಗೂ ಅಷ್ಟೇ ಗೊತ್ತಿದ್ದದ್ದು.

ಅಲ್ಲಿನ ಆಫೀಸಿನಲ್ಲಿ ನನಗಿಂತ ಹಿರಿಯರೊಬ್ಬರಿದ್ದರು. ಅಲ್ಜೀರಿಯಾದ ಕಬೀಲಿಯಾ ಎಂಬ ಬೆಟ್ಟದ ಸೀಮೆಯವರು. ಊಟದ ಹೊತ್ತಿನಲ್ಲಿ ಹಾಡಿನ ಮಾತು ಬಂದಾಗ ಫೋನಿನಲ್ಲಿ ಎರಡು ಹಾಡು ಕೇಳಿಸಿ, ‘ಇದರಲ್ಲಿ ಅರಬ್ಬಿ ಯಾವುದು ಹೇಳಿ’ ಅಂದರು. ನನ್ನ ಕಿವಿಗೆ ಎರಡೂ ಒಂದೇ. ಒಂದು ಓರಾನ್ ಊರಿನ ಅರಬ್ಬಿ, ಇನ್ನೊಂದು ಕಬೈಲ್ ಭಾಷೆ ಅಂತ ಅವರೇ ಹೇಳಿದರು. ಎರಡಕ್ಕೂ ಇರುವ ದೂರ ಕನ್ನಡಕ್ಕೂ ಹಿಂದಿಗೂ ಇರುವ ದೂರಕ್ಕಿಂತ ತುಂಬಾ ಕಡಿಮೆಯೇನಲ್ಲ. ಅರಬ್ಬಿ, ಕಬೈಲ್‌ಗಳ ಬೇರು ಎಲ್ಲೋ ಬಹಳ ಹಿಂದೆ ಸೇರುತ್ತದೆ, ಆದರೆ ಒಂದು ಬಲ್ಲವರಿಗೆ ಇನ್ನೊಂದು ತಾನಾಗಿ ಅರ್ಥವಾಗುವುದಿಲ್ಲ.

ಮೊದಲೇ ಒಂದು ಮಾತು. ಕಬೈಲರೂ ಸೇರಿದಂತೆ ಉತ್ತರ ಆಫ್ರಿಕಾದ ಮೂಲ ಜನರಿಗೆ ‘ಬರ್ಬರ್’ ಅನ್ನುವುದು ಹೊರಗಿನವರು ಕೊಟ್ಟ ಹೆಸರು, ಕನ್ನಡದಲ್ಲಂತೂ ಕೇಳುವುದಕ್ಕೇ ಚೆನ್ನಾಗಿಲ್ಲ. ಅವರಲ್ಲಿ ಬಹಳ ಜನ ತಮ್ಮನ್ನು ಅಮಾಜಿಗ್ ಅಂತ ಕರೆದುಕೊಳ್ಳುತ್ತಾರೆ. ನಾನೂ ಹಾಗೇ ಬರೆಯುತ್ತೇನೆ, ಅವರ ಭಾಷೆಗಳಿಗೂ ಅದೇ ಹೆಸರು ಬಳಸುತ್ತೇನೆ.

ಹಾಡಿನ ಪ್ರಕಾರ ಹಿಡಿದು ಹೋಗಬಾರದು, ಭಾಷೆ ಹಿಡಿದು ಹೋಗಬೇಕು ಅಂತ ನಾನು ತೀರ್ಮಾನಿಸಿದ್ದು ಆಗಲೇ. ರಾಯ್, ಶಾಬಿ, ಗ್ನಾವಾ, ಮಲೂಫ್ ಅಂತ ಪಟ್ಟಿ ಮಾಡಿಕೊಂಡು ಕೂತರೆ ಹೆಸರುಗಳು ಬಾಯಿಪಾಠ ಆಗುತ್ತವೆ, ಕಿವಿಗೆ ಏನೂ ಸಿಕ್ಕುವುದಿಲ್ಲ. ಅದಕ್ಕೇ ಒಂದು ಭಾಷೆಗೆ ಒಂದೇ ಹಾಡು ಆರಿಸಿಕೊಂಡು, ಅದು ಪೂರ್ತಿ ಬಿಡಿಸಿಕೊಳ್ಳುವವರೆಗೆ ಮುಂದೆ ಹೋಗುವುದಿಲ್ಲ ಅಂತ ಇಟ್ಟುಕೊಂಡೆ. ಮೊದಲು ಕಿವಿಗೆ ಬಿದ್ದದ್ದನ್ನು ಕನ್ನಡ ಲಿಪಿಯಲ್ಲಿ ಬರೆಯುವುದು. ಆಮೇಲೆ ಹಾಡಿನ ಅಚ್ಚಾದ ಸಾಹಿತ್ಯ ಹುಡುಕಿ ಪಕ್ಕದಲ್ಲಿಟ್ಟು ನೋಡುವುದು. ಕೊನೆಗೆ ಆ ಭಾಷೆ ಮಾತಾಡುವವರೊಬ್ಬರನ್ನು ಕೇಳುವುದು. ಈ ಕ್ರಮ ಮುಖ್ಯ. ಸಾಹಿತ್ಯ ಮೊದಲೇ ನೋಡಿಬಿಟ್ಟರೆ ಕಣ್ಣು ಹೇಳಿದ್ದನ್ನೇ ಕಿವಿ ಕೇಳುತ್ತದೆ.

ಕಬೈಲ್‌ಗೆ ನಾನು ಆರಿಸಿದ್ದು ಇದಿರ್ ಹಾಡಿದ ‘ಆ ವಾವಾ ಇನೂವಾ’. ಅಲ್ಜೀರಿಯಾದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಇದಿರ್ ಹುಟ್ಟಿದ್ದು 1949ರಲ್ಲಿ, ಆತ್ ಯೆನ್ನಿ ಎಂಬಲ್ಲಿ. ಓದಿದ್ದು ಭೂವಿಜ್ಞಾನ. 1973ರಲ್ಲಿ ಅಲ್ಜಿಯರ್ಸ್ ರೇಡಿಯೋದಲ್ಲಿ ಬೇರೆ ಗಾಯಕಿಯೊಬ್ಬರ ಬದಲಿಗೆ ಹಾಡುವ ಅವಕಾಶ ಬಂತು. ಅದೇ ಸುಮಾರಿಗೆ ಬಂದದ್ದು ಈ ಹಾಡು. ಹಾಡಿಗೆ ಪದ ಬರೆದವರು ಬೆನ್ ಮೊಹಮ್ಮದ್. ಹಾಡು ಊರೆಲ್ಲ ಹಬ್ಬುತ್ತಿದ್ದಾಗ ಇದಿರ್ ಕಡ್ಡಾಯ ಸೇನಾ ಸೇವೆಯಲ್ಲಿದ್ದರು.

ಕಥೆ ಅಜ್ಜಿ ಹೇಳುವ ಕಥೆಯೇ. ಕಾಡಿನ ಗುಡಿಸಲಿನಲ್ಲಿ ಮುದಿ ತಂದೆ, ಹೊರಗೆ ಮಗಳು. ಬಾಗಿಲು ತೆಗೆ ಅನ್ನುತ್ತಾಳೆ. ಹೊರಗೆ ರಾಕ್ಷಸ ಇದ್ದರೆ? ಅದಕ್ಕೆ ಆತ ನಿನ್ನ ಬಳೆ ಸದ್ದು ಮಾಡು ಅನ್ನುತ್ತಾನೆ. ಆಮೇಲೆ ಚಳಿಗಾಲದ ರಾತ್ರಿ, ಹೊರಗೆ ಹಿಮ, ಒಳಗೆ ಒಲೆಯ ಸುತ್ತ ಮನೆಮಂದಿ. ಇದಿರ್‌ನ ಆತ್ ಯೆನ್ನಿ ಬೆಳ್ಳಿ ಒಡವೆಗೆ ಹೆಸರಾದ ಜಾಗ ಅಂತ ತಿಳಿದ ಮೇಲೆ ಆ ಬಳೆಯ ಸದ್ದು ನನಗೆ ಬೆಳ್ಳಿಯದೇ ಆಗಿ ಕೇಳತೊಡಗಿತು. ಇದು ನನ್ನ ಕಲ್ಪನೆ, ಹಾಡಿನಲ್ಲಿರುವ ಮಾತಲ್ಲ.

ಬರೆಯಲು ಕೂತಾಗ ಕನ್ನಡ ಲಿಪಿ ಅರ್ಧ ದಾರಿಗೆ ಕೈಕೊಟ್ಟಿತು. ಗಂಟಲಿನ ಒಳಗಿಂದ ಉಜ್ಜಿಕೊಂಡು ಬರುವ ‘ಘ’ದಂಥ ಒಂದು ಸದ್ದಿದೆ, ಅಮಾಜಿಗ್ ಎಂಬ ಹೆಸರಿನ ಕೊನೆಯಲ್ಲೇ ಇರುವುದು. ನಮ್ಮ ಘ ಅದಲ್ಲ. ಫ, ಜ ಅಕ್ಷರಗಳ ಕೆಳಗೆ ಎರಡು ಚುಕ್ಕೆ ಇಟ್ಟು ನಾವು ಇಂಗ್ಲಿಷಿನ ಸದ್ದು ಬರೆಯುತ್ತೇವಲ್ವಾ, ಅದನ್ನೇ ಘ, ಖ, ಥ, ದಗಳಿಗೂ ಹಚ್ಚಿದೆ. ಕಬೀಲಿಯಾದವರು ಹೆಚ್ಚಾಗಿ ಲ್ಯಾಟಿನ್ ಲಿಪಿಯಲ್ಲಿ ಬರೆಯುತ್ತಾರೆ. ಅವರೂ ಈ ಸದ್ದಿಗೆ ಗ್ರೀಕ್‌ನ ಗಾಮಾ, ಇನ್ನೊಂದು ಗಂಟಲ ಸದ್ದಿಗೆ ಎಪ್ಸಿಲಾನ್ ಎರವಲು ತಂದಿದ್ದಾರೆ. ಅಂದರೆ ಈ ಕಷ್ಟ ನನ್ನೊಬ್ಬನದಲ್ಲ.

ಹೀಗೆ ಬರೆಯುತ್ತಾ ಹೋದಂತೆ ಅರಬ್ಬಿ ಯಾವುದು, ಅಮಾಜಿಗ್ ಯಾವುದು ಅಂತ ಗುರುತಿಸಲು ಕೆಲವು ಸುಳಿವು ಸಿಕ್ಕವು. ಅಮಾಜಿಗ್‌ನಲ್ಲಿ ಸ್ತ್ರೀಲಿಂಗದ ಪದಗಳು ಸಾಮಾನ್ಯವಾಗಿ ತಕಾರದಿಂದ ಶುರುವಾಗಿ ತಕಾರದಲ್ಲೇ ಮುಗಿಯುತ್ತವೆ. ಭಾಷೆಗಳ ಹೆಸರೂ ಹಾಗೇ: ತಮಾಜಿಘ್ತ್, ತಕ್ಬೈಲಿತ್, ತಶೆಲ್ಹಿತ್. ಕಬೈಲ್ ಬಾಯಲ್ಲಿ ಆ ತ ಬಹಳ ಸಲ ಇಂಗ್ಲಿಷಿನ ‘ಥಿಂಕ್’ ಪದದ ಮೊದಲ ಸದ್ದಾಗುತ್ತದೆ, ಬ ಹೋಗಿ ವ ಆಗುತ್ತದೆ. ಅದಕ್ಕೇ ‘ಬಾಬಾ’ ಇಲ್ಲಿ ‘ವಾವಾ’. ಇಡೀ ಭಾಷೆ ಗಾಳಿ ಬೆರೆತಂತೆ ಕೇಳುತ್ತದೆ. ಹಾಡಿನಲ್ಲಿ ಕ್ರಿಯಾಪದದ ಮುಂದೆ ‘ಉರ್’ ಅಂತ ಮತ್ತೆ ಮತ್ತೆ ಬಂದರೆ ಅದು ‘ಇಲ್ಲ’ ಅನ್ನುವ ಅರ್ಥದ ಅಮಾಜಿಗ್ ಪದ. ಅದೇ ಜಾಗದಲ್ಲಿ ಮುಂದೆ ‘ಮಾ’, ಹಿಂದೆ ‘ಶ್’ ಕೇಳಿದರೆ ಅರಬ್ಬಿ. ಇಷ್ಟರಿಂದಲೇ ಬಹಳಷ್ಟು ಹಾಡು ವಿಂಗಡಿಸಬಹುದು.

ಅರಬ್ಬಿ ಕಡೆ ಬೇರೆಯದೇ ಕಷ್ಟ. ತರಗತಿಯಲ್ಲಿ ಕಲಿಸುವುದು ಪುಸ್ತಕದ ಅರಬ್ಬಿ. ಹಾಡಿನಲ್ಲಿರುವುದು ದಾರಿಜಾ, ಅಂದರೆ ಆ ಸೀಮೆಯ ಬೀದಿ ಮಾತು. ಪುಸ್ತಕದಲ್ಲಿ ‘ನಾನು ಬರೆಯುತ್ತೇನೆ’ ಅನ್ನಲು ‘ಅಕ್ತುಬು’. ಮೊರಾಕೊ, ಅಲ್ಜೀರಿಯಾ, ಟುನೀಸಿಯಾದಲ್ಲಿ ‘ನೆಕ್ತೆಬ್’. ಆ ಮೊದಲ ನಕಾರ ಪುಸ್ತಕದ ಪ್ರಕಾರ ‘ನಾವು’ ಅನ್ನುವುದರ ಗುರುತು, ಆದರೆ ಇಲ್ಲಿ ಒಬ್ಬನಿಗೂ ಅದೇ. ಪ್ರೇಮದ ಹಾಡಿನಲ್ಲಿ ‘ನಾವು’ ಯಾಕೆ ಇಷ್ಟೊಂದು ಬರುತ್ತಿದೆ ಅನ್ನುವ ಒಗಟು ಬಿಡಿಸಿಕೊಂಡದ್ದು ಇದರಿಂದಲೇ. ಜೊತೆಗೆ ದಾರಿಜಾ ಸ್ವರಗಳನ್ನು ನುಂಗುತ್ತದೆ, ಫ್ರೆಂಚ್ ಪದಗಳನ್ನು ಧಾರಾಳವಾಗಿ ಬೆರೆಸುತ್ತದೆ. ಕೈರೋದವರಿಗೇ ಇದು ಸುಲಭವಾಗಿ ಅರ್ಥವಾಗುವುದಿಲ್ಲ. ಆದರೂ ಪುಸ್ತಕದ ಅರಬ್ಬಿ ವ್ಯರ್ಥ ಅನ್ನಲಾರೆ. ಲಿಪಿ, ಮೂಲ ಧಾತುಗಳು ಅಲ್ಲಿಂದಲೇ ಬರಬೇಕು. ನಿಘಂಟು ತೆರೆಯುವಷ್ಟು ಅದನ್ನು ಕಲಿತು, ಉಳಿದದ್ದು ಹಾಡಿನಿಂದ ಕಲಿಯುವುದು ನನಗೆ ಹೊಂದಿತು.

ಖಾಲಿದ್ ಹಾಡುವ ರಾಯ್ ಸಂಗೀತದಲ್ಲಿ ಹಿಂದಕ್ಕೆ ಹೋದರೆ ಗಾಯಕಿ ಶೇಖಾ ರಿಮಿಟ್ಟಿ ಸಿಗುತ್ತಾರೆ. ಹುಟ್ಟಿದ್ದು 1923ರಲ್ಲಿ. ಹಿನ್ನೆಲೆಗೆ ಗಸ್ಬಾ ಎಂಬ ಉದ್ದನೆ ಕೊಳಲು, ಗೆಲ್ಲಾಲ್ ಎಂಬ ಚರ್ಮವಾದ್ಯ, ಮೇಲೆ ಒರಟು, ದಪ್ಪ ದನಿ. ಕುಡಿತ, ಮೋಹ, ಹೆಣ್ಣಿನ ಆಸೆ ಎಲ್ಲವನ್ನೂ ಮುಚ್ಚುಮರೆ ಇಲ್ಲದೆ ಹಾಡಿದವರು. ಎಂಬತ್ತು ದಾಟಿದ ಮೇಲೂ ವೇದಿಕೆ ಬಿಡಲಿಲ್ಲ. 2006ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡದ್ದು ಒಂದು ದೊಡ್ಡ ಸಂಗೀತ ಕಛೇರಿ ಮುಗಿದು ಕೆಲವೇ ದಿನಕ್ಕೆ. ಅವರನ್ನು ಕೇಳಿದ ಮೇಲೆ ‘ದೀದಿ’ ನನಗೆ ಸ್ವಲ್ಪ ಪಾಲಿಶ್ ಜಾಸ್ತಿ ಅನಿಸುತ್ತದೆ. ಖಾಲಿದ್ ಅಭಿಮಾನಿಗಳು ಬೈಯಬಹುದು, ಬೈಯಲಿ.

ಎರಡು ಭಾಷೆಗೂ ಗೆರೆ ಎಳೆದು ಮುಗಿಸಿದೆ ಅಂದುಕೊಳ್ಳುವಷ್ಟರಲ್ಲಿ ಶಾಬಿ ಆ ಗೆರೆ ಅಳಿಸಿತು. ಅಲ್ಜಿಯರ್ಸ್ ನಗರದ ಈ ಸಂಗೀತವನ್ನು ಕಟ್ಟಿದ ಎಲ್ ಅಂಕಾ ಅವರ ಮನೆತನವೇ ಕಬೀಲಿಯಾದ್ದು. ಹಾಡಿದ್ದು ಹೆಚ್ಚಾಗಿ ಅರಬ್ಬಿಯಲ್ಲಿ, ಕಬೈಲ್‌ನಲ್ಲೂ ಉಂಟು. ಶೇಖ್ ಎಲ್ ಹಸ್ನಾವಿ ಎರಡೂ ಭಾಷೆಗಳಲ್ಲಿ ಹಾಡಿದರು. ಕಬೈಲ್ ಭಾಷೆಗಾಗಿ ಗಟ್ಟಿಯಾಗಿ ನಿಂತ ಮಾತೂಬ್ ಲೂನೆಸ್ ಕೂಡ ನುಡಿಸಿದ್ದು ಶಾಬಿಯ ತಂತಿವಾದ್ಯ ಮಂದೋಲನ್ನೇ. ಅವರನ್ನು 1998ರ ಜೂನ್‌ನಲ್ಲಿ ಗುಂಡಿಟ್ಟು ಕೊಂದರು. ಅದಕ್ಕೂ ನಾಲ್ಕು ವರ್ಷ ಮೊದಲು ಓರಾನ್‌ನಲ್ಲಿ ರಾಯ್ ಗಾಯಕ ಶೆಬ್ ಹಸ್ನಿ ಕೊಲೆಯಾಗಿದ್ದರು. ಹಾಡುವುದೇ ಅಪಾಯದ ಕೆಲಸವಾಗಿದ್ದ ವರ್ಷಗಳು ಅವು.

ಭಾಷೆಯ ಜಗಳ ಅದಕ್ಕಿಂತ ಹಳೆಯದು. 1980ರ ಮಾರ್ಚ್‌ನಲ್ಲಿ ಲೇಖಕ ಮೂಲೂದ್ ಮಮ್ಮೆರಿ ತಿಜಿ ಊಜು ವಿಶ್ವವಿದ್ಯಾಲಯದಲ್ಲಿ ಹಳೆಯ ಕಬೈಲ್ ಕಾವ್ಯದ ಬಗ್ಗೆ ಮಾತಾಡಬೇಕಿತ್ತು. ಸರ್ಕಾರ ತಡೆಯಿತು. ಒಂದು ಭಾಷಣ ತಡೆದದ್ದಕ್ಕೆ ಇಡೀ ಸೀಮೆ ಬೀದಿಗಿಳಿಯಿತು. ಏಪ್ರಿಲ್ 20ನ್ನು ಇಂದಿಗೂ ಅಮಾಜಿಗ್ ವಸಂತ ಅಂತ ನೆನೆಯುತ್ತಾರೆ. ಭಾಷೆಗೆ ಅಲ್ಜೀರಿಯಾದಲ್ಲಿ ಅಧಿಕೃತ ಸ್ಥಾನ ಸಿಕ್ಕಿದ್ದು 2016ರಲ್ಲಿ, ಮೊರಾಕೊದಲ್ಲಿ 2011ರಲ್ಲಿ. ಮಮ್ಮೆರಿಯವರದೂ ಆತ್ ಯೆನ್ನಿಯೇ. ನನ್ನ ಸಹೋದ್ಯೋಗಿ ಅವರ ಹೆಸರನ್ನು ಬರೀ ಹೆಸರಾಗಿ ಹೇಳಿದ್ದು ನಾನು ಕೇಳಿಲ್ಲ. ‘ದಾ ಲ್ಮುಲೂದ್’ ಅನ್ನುತ್ತಿದ್ದರು. ಹಿರಿಯ ಗಂಡಸಿಗೆ ‘ದಾ’, ಹೆಂಗಸಿಗೆ ‘ನಾ’, ನಮ್ಮ ಅಣ್ಣ, ಅಕ್ಕ ಇದ್ದ ಹಾಗೆ. ಸ್ವಲ್ಪ ದಿನದಲ್ಲಿ ನಾನೂ ಈ ಸಹೋದ್ಯೋಗಿಯನ್ನು ಹೆಸರಿನ ಮುಂದೆ ದಾ ಸೇರಿಸಿಯೇ ಕರೆಯತೊಡಗಿದೆ.

ಅವರ ಗೆಳೆಯರ ಕೂಟದಲ್ಲಿ ಒಂದು ತಮಾಷೆ ಆಯಿತು. ನಾನು ಭಾರತದವನು ಅಂತ ಗೊತ್ತಾದ ಕೂಡಲೇ ಒಬ್ಬರು ‘ಜಾನೀತೂ’ ಅಂತ ಹಾಡತೊಡಗಿದರು. 1973ರ ಹಿಂದಿ ಚಿತ್ರ ‘ಆ ಗಲೇ ಲಗ್ ಜಾ’ದ ಹಾಡು. ಅಲ್ಜೀರಿಯಾದಲ್ಲಿ ಆ ಚಿತ್ರವನ್ನೇ ‘ಜಾನೀತೂ’ ಅಂತ ಕರೆಯುವಷ್ಟು ಅದು ಹೆಸರುವಾಸಿ. ಅರ್ಥ ಗೊತ್ತಿಲ್ಲದೆ ಕಿವಿಯಲ್ಲೇ ಕಲಿತ ಹಿಂದಿ. ‘ದೀದಿ’ಗೆ ನಾವು ಮಾಡಿದ್ದನ್ನು ಅವರು ಮೊದಲೇ ನಮ್ಮ ಹಾಡಿಗೆ ಮಾಡಿದ್ದರು! ಅರ್ಥ ಹೇಳಿದೆ, ಜೊತೆಗೆ ನನ್ನ ಭಾಷೆ ಅದಲ್ಲ, ಕನ್ನಡ ಅಂತಲೂ ಹೇಳಿದೆ. ‘ಹಾಗಾದರೆ ನಿಮ್ಮಲ್ಲೂ ಉಂಟು’ ಅಂತ ನಕ್ಕರು. ಅಲ್ಲಿಂದ ಮುಂದೆ ಅವರು ನನ್ನ ಉಚ್ಚಾರಣೆ ತಿದ್ದುವುದಕ್ಕೆ ಸಂಕೋಚಪಡಲಿಲ್ಲ. ನನಗೆ ಬೇಕಾಗಿದ್ದದ್ದೂ ಅದೇ.

ಮೊರಾಕೊಗೆ ಹೋದದ್ದು ಆಮೇಲೆ. ಎಸ್ಸಾವಿರಾ ಊರಲ್ಲಿ 1998ರಿಂದ ಗ್ನಾವಾ ಉತ್ಸವ ನಡೆಯುತ್ತಿದೆ. ಗುಲಾಮರಾಗಿ ಸಹಾರಾದ ದಕ್ಷಿಣದಿಂದ ಬಂದ ಜನರ ಸಂತತಿಯ ಸಂಗೀತ ಇದು. ಮೂರು ತಂತಿಯ ಗೆಂಬ್ರಿ, ಕೈಯಲ್ಲಿ ಕ್ರಾಕೆಬ್ ಎಂಬ ಕಬ್ಬಿಣದ ತಾಳ. ಹಾಡು ದಾರಿಜಾದಲ್ಲಿ, ನಡುನಡುವೆ ಬಂಬಾರಾದಂಥ ಪಶ್ಚಿಮ ಆಫ್ರಿಕಾದ ಭಾಷೆಗಳ ಪದಗಳು. ಕ್ರಾಕೆಬ್‌ನ ನಡೆ ಎಣಿಸಲು ಹೋದೆ. ಮೂರರದೂ ಅಲ್ಲ, ನಾಲ್ಕರದೂ ಅಲ್ಲ, ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ತಾಳ ಹಾಕುವ ಅಭ್ಯಾಸ ಇರುವ ನಮ್ಮಂಥವರಿಗೆ ಇದು ಕಿರಿಕಿರಿ. ಕ್ರಾಕೆಬ್ ಬಿಟ್ಟು ಗೆಂಬ್ರಿಗೆ ಕಿವಿ ಕೊಟ್ಟರೆ ನೆಲ ಸಿಗುತ್ತದೆ.

ಅಲ್ಲಿ ಒಂದು ಬೆಂದಿರ್ ಕೊಂಡೆ. ತಮಟೆಯಷ್ಟು ಅಗಲದ ಮರದ ಬಳೆಗೆ ಚರ್ಮ, ಚರ್ಮದ ಹಿಂದೆ ಕರುಳಿನ ಎಳೆಗಳು. ಆ ಎಳೆ ಅದುರಿದಾಗ ಬರುವ ಗುಂಯ್ ಸದ್ದೇ ಅದರ ಜೀವ. ಬೆಂಗಳೂರಿನ ಮಳೆಗಾಲದಲ್ಲಿ ಚರ್ಮ ಸಡಿಲವಾದರೆ ಉರಿಗೆ ಕಾಯಿಸುತ್ತೇನೆ. ಅವರು ಮಾಡುವುದೂ ಅದೇ, ನಮ್ಮ ತಮಟೆಯವರು ಮಾಡುವುದೂ ಅದೇ.

ಅಗಾದಿರ್ ಕಡೆಯ ಬೋರ್ಡುಗಳಲ್ಲಿ ಅರಬ್ಬಿ, ಫ್ರೆಂಚ್ ಜೊತೆಗೆ ತಿಫಿನಾಗ್ ಲಿಪಿ ಇರುತ್ತದೆ. ಗೆರೆ, ವೃತ್ತ, ಚುಕ್ಕೆಗಳ ಲಿಪಿ. 2003ರಲ್ಲಿ ಮೊರಾಕೊ ಶಾಲೆಗಳಿಗೆ ಇದನ್ನೇ ಆರಿಸಿಕೊಂಡಿತು. ಒಂದೇ ಹೆಸರು ಮೂರು ಲಿಪಿಯಲ್ಲಿ ಇರುವುದರಿಂದ ಬೋರ್ಡು ಓದುತ್ತಲೇ ಅಕ್ಷರ ಕಲಿಯಬಹುದು. ಪುಸ್ತಕ ಬೇಕಿಲ್ಲ.

ಅಲ್ಲಿನ ತಶೆಲ್ಹಿತ್ ಕಬೈಲ್‌ಗಿಂತ ಬೇರೆ. ಗಾಳಿ ಬೆರೆತ ಸದ್ದಿಲ್ಲ, ಎಲ್ಲ ಗಟ್ಟಿ ಗಟ್ಟಿ. ಸ್ವರವೇ ಇಲ್ಲದ ಪದಗಳೂ ಇವೆ. ಹೆಚ್ಚುಕಡಿಮೆ ಎಲ್ಲ ಪದವನ್ನೂ ಸ್ವರದಲ್ಲಿ ಮುಗಿಸುವ ಕನ್ನಡದ ನಾಲಗೆಗೆ ಇದು ಕಷ್ಟ. ಹಾಡಿನಲ್ಲಿ ಮಾತ್ರ ದಾರಿ ಕಾಣುತ್ತದೆ, ಯಾಕೆಂದರೆ ಬರೀ ವ್ಯಂಜನಕ್ಕೂ ಒಂದು ಮಾತ್ರೆ ಕೊಟ್ಟು ಹಾಡುತ್ತಾರೆ. ಹಾಡದೆ ಹೋಗಿದ್ದರೆ ಆ ಪದಗಳನ್ನು ನಾನು ಹೇಳಲು ಕಲಿಯುತ್ತಲೇ ಇರಲಿಲ್ಲ. ಅಲ್ಲಿನ ತಿರುಗಾಡಿ ಗಾಯಕರನ್ನು ರ್ವಾಯೆಸ್ ಅನ್ನುತ್ತಾರೆ. ರಿಬಾಬ್ ಎಂಬ ಒಂಟಿ ತಂತಿಯ ಪಿಟೀಲು, ಐದು ಸ್ವರದ ರಾಗ. ಮೋಹನ, ಶುದ್ಧ ಸಾವೇರಿ ಕೇಳಿದವರಿಗೆ ತಟ್ಟನೆ ಹಿಡಿಸುತ್ತದೆ. ಹಾಜ್ ಬೆಲಯೀದ್ ಎಂಬುವರ 1930ರ ದಶಕದ ಗ್ರಾಮಫೋನ್ ತಟ್ಟೆಗಳು ಈಗ ಇಂಟರ್ನೆಟ್‌ನಲ್ಲಿವೆ. ಕರಕರ ಸದ್ದು ಜಾಸ್ತಿ, ಆದರೂ ಅಲ್ಲಿಂದಲೇ ಶುರು ಮಾಡಿ ಅನ್ನುತ್ತೇನೆ.

ಈಗ ನನ್ನ ಮೇಜಿನ ಮೇಲಿರುವುದು ಸಹಾರಾ ಮರುಭೂಮಿಯ ತುವಾರೆಗ್ ಜನರ ಭಾಷೆ ತಮಾಶೆಕ್. 1979ರ ಸುಮಾರಿಗೆ ಅಲ್ಜೀರಿಯಾದ ತಮನ್ರಾಸೆತ್‌ನಲ್ಲಿ ಹುಟ್ಟಿದ ತಿನಾರಿವೆನ್ ತಂಡದ ಹಾಡೊಂದನ್ನು ಬಿಡಿಸುತ್ತಿದ್ದೇನೆ. ಎಲೆಕ್ಟ್ರಿಕ್ ಗಿಟಾರ್ ಜೋರಾಗಿದೆ, ಪದಗಳು ಅದರಡಿ ಮುಳುಗುತ್ತವೆ. ಅದಕ್ಕೆ ಮೊದಲು ಇಮ್ಜಾದ್ ಕೇಳುತ್ತಿದ್ದೇನೆ. ಅದೂ ಒಂಟಿ ತಂತಿಯದೇ, ನುಡಿಸುವವರು ಹೆಂಗಸರು. ಅದರ ಜೊತೆ ಹಾಡುವ ಪದಗಳು ನಿಧಾನವಾಗಿ, ಬಿಡಿಬಿಡಿಯಾಗಿ ಕೇಳುತ್ತವೆ. ಬೆಂಗಳೂರಿನಲ್ಲಿ ಈ ಭಾಷೆ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಬರೆದಿಟ್ಟ ಹಾಳೆ ತಿದ್ದಿಸಿಕೊಳ್ಳಬೇಕಿದೆ.