ಸರಿಯಾದ ವಾಕ್ಯ ಆರಿಸುವುದು ಹೇಗೆ? ಕೊನೆಯಿಂದ ಶುರು ಮಾಡಿ

ಎಫ್‌ಡಿಎ, ಎಸ್‌ಡಿಎ (ಸರ್ಕಾರದ ಪ್ರಥಮ ದರ್ಜೆ, ದ್ವಿತೀಯ ದರ್ಜೆ ಸಹಾಯಕ ಹುದ್ದೆ) ಪರೀಕ್ಷೆಯ ಸಾಮಾನ್ಯ ಕನ್ನಡ ಪತ್ರಿಕೆಗೆ ಹಾಸನದ ಕಡೆ ಓದುವವರು ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. ಮನೆಮಾತೇ ಕನ್ನಡ, ಓದಿದರೆ ಗೊತ್ತಾಗುತ್ತೆ ಅಲ್ವಾ ಎಂಬ ಧೈರ್ಯ. ‘ಸರಿಯಾದ ವಾಕ್ಯ ಯಾವುದು?’ ಎಂಬ ಪ್ರಶ್ನೆಯಲ್ಲಿ ಅಂಕ ಕೈತಪ್ಪುವುದು ಇದೇ ಧೈರ್ಯದಿಂದ. ಬೇಗ ಬೇಗ ಓದಿದರೆ ನಾಲ್ಕೂ ವಾಕ್ಯಗಳು ಸರಿ ಅನ್ನಿಸುತ್ತವೆ. ಕಿವಿಯನ್ನು ನಂಬುವ ಮೊದಲು ಕ್ರಿಯಾಪದವನ್ನು ಹಿಡಿಯಿರಿ.

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಆದ್ದರಿಂದ ಮೊದಲು ವಾಕ್ಯದ ಕೊನೆ ನೋಡಿ. ಅಲ್ಲಿಂದ ‘ಯಾರು?’, ‘ಯಾವುದು?’ ಎಂದು ಕೇಳುತ್ತಾ ಹಿಂದಕ್ಕೆ ಬನ್ನಿ. ಈ ವಾಕ್ಯ ನೋಡಿ: ‘ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.’ ಸೇರಿದ್ದು ಯಾವುದು? ದೇವಾಲಯಗಳು. ಹಾಗಾದರೆ ‘ಸೇರಿದವು’ ಆಗಬೇಕು. ಕ್ರಿಯಾಪದದ ಪಕ್ಕದಲ್ಲೇ ‘ಪಟ್ಟಿ’ ಎಂಬ ಏಕವಚನ ಕೂತಿದೆ, ಕಿವಿ ಮೋಸ ಹೋಗುವುದು ಅದರಿಂದಲೇ. ಮಧ್ಯದ ಪದಗಳನ್ನು ಬೆರಳಿಂದ ಮುಚ್ಚಿ, ‘ದೇವಾಲಯಗಳು ಸೇರಿತು’ ಎಂದು ಓದಿ ನೋಡಿ. ತಪ್ಪು ತಾನೇ ಕಾಣುತ್ತದೆ.

ಆಮೇಲೆ ‘ಬಂದು’, ‘ಇಳಿದು’, ‘ನೋಡಿ’ ಎಂಬಂಥ ಅರೆ ಕ್ರಿಯಾಪದಗಳಿಗೆ ಬನ್ನಿ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು, ಚೆನ್ನಾಗಿ ಓದಿದವರೂ ಎಡವುವ ಜಾಗ ಇದು. ‘ಬಸ್ಸಿನಿಂದ ಇಳಿದು ನನ್ನ ಚೀಲ ಕಳೆದುಹೋಯಿತು.’ ಇಳಿದವರು ಯಾರು? ಈ ವಾಕ್ಯದ ಪ್ರಕಾರ ಚೀಲ! ‘ಇಳಿದು’ ಎಂದರೆ, ಇಳಿದವರೇ ಮುಂದಿನ ಕೆಲಸವನ್ನೂ ಮಾಡಬೇಕು. ‘ಬಸ್ಸಿನಿಂದ ಇಳಿಯುವಾಗ ನನ್ನ ಚೀಲ ಕಳೆದುಹೋಯಿತು’ ಎಂದರೆ ಸರಿ. ಆದರೆ ಈ ನಿಯಮವನ್ನು ಕಣ್ಣುಮುಚ್ಚಿ ಹಾಕಬೇಡಿ. ‘ಮಳೆ ಬಂದು ಹೇಮಾವತಿ ತುಂಬಿತು’ ಎಂಬುದು ಒಳ್ಳೆಯ ಕನ್ನಡವೇ. ಅಲ್ಲಿ ‘ಬಂದು’ ಕಾರಣ ಹೇಳುತ್ತಿದೆ.

ವ್ಯಾಕರಣದ ತಪ್ಪೇ ಇಲ್ಲದ ಎರಡು ಆಯ್ಕೆ ಉಳಿದರೆ ಏನು ಮಾಡುವುದು? ‘ಚೆನ್ನಕೇಶವ ದೇವಾಲಯವು ವಿಷ್ಣುವರ್ಧನನಿಂದ ಕಟ್ಟಿಸಲ್ಪಟ್ಟಿತು’, ‘ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನನು ಕಟ್ಟಿಸಿದನು’. ಹೆಚ್ಚು ಸೂಕ್ತವಾದುದು ಯಾವುದು ಎಂದು ಕೇಳಿದ್ದರೆ ಎರಡನೆಯದನ್ನು ಆರಿಸಿ. ‘ಅಲ್ಪಟ್ಟಿತು’ ಕನ್ನಡಕ್ಕೆ ಭಾರ. ಚಿಕ್ಕದು ಎಂಬ ಒಂದೇ ಕಾರಣಕ್ಕೆ ‘ಕಟ್ಟಿದನು’ ಇರುವ ಆಯ್ಕೆಗೆ ಮಾತ್ರ ಹಾರಬೇಡಿ. ಕಟ್ಟುವುದು ಬೇರೆ, ಕಟ್ಟಿಸುವುದು ಬೇರೆ. ಅರ್ಥ ಕದಲಿದರೆ ಆ ಆಯ್ಕೆ ಬಿಡಿ. ‘ಮಾತ್ರ’ ಎಂಬ ಪದದ ಜಾಗವನ್ನೂ ಹೀಗೇ ನೋಡಬೇಕು. ‘ಅವಳು ಮಾತ್ರ ಕನ್ನಡ ಓದಿದಳು’, ‘ಅವಳು ಕನ್ನಡ ಮಾತ್ರ ಓದಿದಳು’ ಎರಡೂ ಸರಿ, ಹೇಳುವುದು ಬೇರೆ ಬೇರೆ.

ಒಂದೇ ಮಾತು ಎರಡು ಸಲ ಬಂದಿದ್ದರೆ ತೆಗೆಯಿರಿ: ‘ಕೇವಲ ಎರಡು ಮಾತ್ರ’, ‘ಮತ್ತೆ ಪುನಃ’. ‘ಬಿಸಿ ಬಿಸಿ ಕಾಫಿ’ ಆ ಲೆಕ್ಕಕ್ಕೆ ಸೇರುವುದಿಲ್ಲ, ಅದು ದ್ವಿರುಕ್ತಿ, ಅಂದರೆ ಒತ್ತಿ ಹೇಳಲು ಬೇಕೆಂದೇ ಎರಡು ಸಲ ಬಳಸಿದ ಪದ.

ನಮ್ಮ ಸೀಮೆಯವರಿಗೆ ಇನ್ನೊಂದು ಮಾತು. ಆಡುವಾಗ ‘ಹ’ಕಾರ ಬಿದ್ದುಹೋಗುವುದು ಸಹಜ, ಅದು ತಪ್ಪಲ್ಲ. ಪರೀಕ್ಷೆ ಕೇಳುವುದು ಬರವಣಿಗೆಯ ಕನ್ನಡವನ್ನು. ‘ಅಕ್ಕಿ ಹಾರಿತು’ ಎಂದಿದ್ದರೆ ಹಾರಿದ್ದು ಏನು, ಅಕ್ಕಿಯೋ ಹಕ್ಕಿಯೋ ಎಂದು ಕೇಳಿಕೊಳ್ಳಿ.

ಕೊನೆಗೂ ಗೊತ್ತಾಗದಿದ್ದರೆ ಸುಮ್ನೆ ಲೆಕ್ಕ ಹಾಕಿ. ಪ್ರಶ್ನೆಗೆ 1 ಅಂಕ, ತಪ್ಪಿಗೆ ಕಾಲು ಅಂಕ ಕಡಿತ ಇರುವ ಪರೀಕ್ಷೆಯಲ್ಲಿ ನಾಲ್ಕರಲ್ಲಿ ಎರಡು ಆಯ್ಕೆ ಹೊಡೆದುಹಾಕಿದ್ದೀರಿ ಎನ್ನಿ. ಅಂಥ ನಾಲ್ಕು ಪ್ರಶ್ನೆಗಳಲ್ಲಿ ಎರಡು ಸರಿಯಾದರೆ 2 ಅಂಕ ಬರುತ್ತದೆ, ಎರಡು ತಪ್ಪಾದರೆ ಅರ್ಧ ಅಂಕ ಹೋಗುತ್ತದೆ. ಒಂದೂವರೆ ಅಂಕ ಉಳಿಯಿತಲ್ಲ, ಖಾಲಿ ಬಿಡದೆ ಗುರುತು ಹಾಕಿ.