ಕಾರ್ಮಿಕರ ವಸತಿಯನ್ನು ಖಾಸಗಿಯವರಿಗೆ ಒಪ್ಪಿಸುವ ಮುಂಚೆ

ಮೈಸೂರು ಸುತ್ತಮುತ್ತಲ ಹೆಬ್ಬಾಳ, ಕೂರ್ಗಳ್ಳಿ, ತಾಂಡವಪುರ ಕಡೆ ಫ್ಯಾಕ್ಟರಿ ನಡೆಸುತ್ತಿದ್ದು, ಕ್ವಾರ್ಟರ್ಸ್ ಕಟ್ಟಿಸುವ ತಾಪತ್ರಯ ಬೇಡ, ಹತ್ತಿರದ ಯಾರಾದರೂ ಬಿಲ್ಡಿಂಗ್ ಓನರ್‌ಗೆ ಒಪ್ಪಿಸೋಣ ಅಂತಿದ್ದರೆ ಮೊದಲು ಒಂದು ವಿಷಯ ತೀರ್ಮಾನಿಸಿ. ಅಗ್ರಿಮೆಂಟ್ ಯಾರ ಹೆಸರಲ್ಲಿ?

ಕಂಪನಿ ಹೆಸರಲ್ಲಿದ್ದರೆ ಕೆಲಸ ಬಿಟ್ಟ ದಿನವೇ ರೂಮೂ ಹೋಗುತ್ತದೆ. ಆ ಭಯಕ್ಕೇ ಓಟಿ ದುಡ್ಡು ಕೇಳಲೂ ಹುಡುಗರು ಹಿಂಜರಿಯುತ್ತಾರೆ. ಇದು ಅನ್ಯಾಯ. ಓನರ್ ಮತ್ತು ಕಾರ್ಮಿಕನ ನಡುವೆಯೇ ಅಗ್ರಿಮೆಂಟ್ ಆಗಲಿ, ಅಡ್ವಾನ್ಸ್‌ಗೆ ಕಂಪನಿ ಜಾಮೀನು ನಿಲ್ಲಲಿ. ತೆರಿಗೆಯಲ್ಲೂ ಅನುಕೂಲವಿದೆ. ಜಿಎಸ್‌ಟಿ ನೋಂದಣಿ ಇರುವ ಕಂಪನಿ ವಾಸದ ಮನೆ ಬಾಡಿಗೆಗೆ ಹಿಡಿದರೆ 2022ರ ಜುಲೈ 18ರಿಂದ ಶೇ 18 ತೆರಿಗೆಯನ್ನು ಕಂಪನಿಯೇ ಕಟ್ಟಬೇಕು. ಕಾರ್ಮಿಕ ತನ್ನ ವಾಸಕ್ಕೆ ತಾನೇ ಹಿಡಿದರೆ ಅದಿಲ್ಲ. ಹಾಸ್ಟೆಲ್ ಥರದ್ದಾದರೆ ತಿಂಗಳಿಗೆ ತಲಾ 20,000 ರೂಪಾಯಿ ಒಳಗಿದ್ದು, ಸತತ 90 ದಿನವಾದರೂ ಉಳಿಯುವವರಿಗೆ ವಿನಾಯಿತಿ ಇದೆ.

ಓನರ್‌ಗೆ ಇರುವ ದೊಡ್ಡ ಹೆದರಿಕೆ ಖಾಲಿ ರೂಮು. ಆರ್ಡರ್ ಕಮ್ಮಿಯಾಗಿ ಜನ ಊರಿಗೆ ಹೋದರೆ ಬ್ಯಾಂಕ್ ಕಂತು ಕಟ್ಟೋದು ಯಾರು? ಅದಕ್ಕೇ 2024ರ ಜುಲೈನ ಕೇಂದ್ರ ಬಜೆಟ್‌ನಲ್ಲಿ ಕಾರ್ಮಿಕರ ಡಾರ್ಮಿಟರಿ ಯೋಜನೆ ಘೋಷಿಸಿದಾಗ ಸರ್ಕಾರದ ನೆರವಿನ ಜೊತೆಗೆ ದೊಡ್ಡ ಕೈಗಾರಿಕೆಗಳ ಬದ್ಧತೆಯೂ ಬೇಕು ಎಂದಿದ್ದರು. ನೀವೂ ಅದೇ ಮಾಡಿ. ಇಷ್ಟು ಹಾಸಿಗೆಗಿಂತ ಕಮ್ಮಿ ತುಂಬಿದರೆ ವ್ಯತ್ಯಾಸ ನಾವು ಕೊಡುತ್ತೇವೆ ಎಂದು ಬರೆದುಕೊಡಿ. ಬದಲಿಗೆ ಬಾಡಿಗೆ ಇಳಿಸಲು ಕೇಳಿ.

ಬಾಡಿಗೆಯನ್ನು ಸಂಬಳದಲ್ಲಿ ಹಿಡಿಯದಿರುವುದೇ ಒಳ್ಳೆಯದು. ಕಟ್ಟಡ ಕೆಲಸದವರಿಗೆ ಕೆಲಸ ನಡೆಯುವವರೆಗೆ ತಾತ್ಕಾಲಿಕ ವಸತಿಯನ್ನು ಉಚಿತವಾಗಿಯೇ ಕೊಡಬೇಕೆಂಬುದು ಕಾನೂನು, ಅವರ ಹತ್ತಿರ ಬಾಡಿಗೆ ಕೇಳಲೇಬೇಡಿ.

ಬಿಲ್ಡಿಂಗ್ ನೋಡಲು ಶಿಫ್ಟ್ ಬಿಡುವ ಹೊತ್ತಿಗೇ ಹೋಗಿ. ಆಗಲೇ ನೀರು, ಟಾಯ್ಲೆಟ್ ಸಾಲುತ್ತಾ ಅಂತ ಗೊತ್ತಾಗೋದು. ನೈಟ್ ಶಿಫ್ಟ್‌ನವರಿಗೆ ಹಗಲು ನಿದ್ದೆ ಬೇಕು, ಹಾಗಾಗಿ ಬೇರೆ ಬೇರೆ ಶಿಫ್ಟ್‌ನವರನ್ನು ಒಂದೇ ರೂಮಿಗೆ ತುಂಬಬೇಡಿ. ಒಡಿಶಾ, ಬಿಹಾರದಿಂದ ಬಂದವರಿಗೆ ನಮ್ಮ ಮೆಸ್ ಮುದ್ದೆ ದಿನಾ ಸೇರೋದಿಲ್ಲ ಅಲ್ವಾ, ಅಡುಗೆಗೆ ಜಾಗ ಇರಲೇಬೇಕು. ಹೆಣ್ಣುಮಕ್ಕಳಿಗಾದರೆ ಬಸ್ ಸ್ಟಾಪ್‌ನಿಂದ ಗೇಟ್‌ವರೆಗೆ ಬೀದಿದೀಪ ಇದೆಯಾ ಎಂದು ರಾತ್ರಿ ನಡೆದೇ ನೋಡಿ. ಕರೆಂಟ್‌ಗೆ ಸಬ್ ಮೀಟರ್ ಹಾಕಿಸಿ, ಚೆಸ್ಕಾಂ ಬಿಲ್‌ನ ದರಕ್ಕಿಂತ ಜಾಸ್ತಿ ತಗೋಬಾರದು ಎಂದು ಬರೆಸಿ.

ಒಂದು ವರ್ಷ ಮೀರಿದ ಅಗ್ರಿಮೆಂಟ್‌ಗೆ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳದ್ದೇ ಮಾಡಿದರೂ, ಕೆಲಸ ಬಿಟ್ಟವರಿಗೆ ರೂಮು ಖಾಲಿ ಮಾಡಲು ಕನಿಷ್ಠ ಒಂದು ತಿಂಗಳ ಗಡುವು ಇರಲಿ.